ಮನೆಗೂ ಮಳಿಗೆಗೂ ಎಲೆಕ್ಟ್ರಿಷಿಯನ್: ಯಾವ ಕೆಲಸ ಯಾರ ಕೈಗೆ?

ನಮ್ಮ ಮನೆಯ ಬಚ್ಚಲಿನಲ್ಲಿ ಗೀಸರ್ ಚಾಲೂ ಇದ್ದಾಗ ನಲ್ಲಿ ಮುಟ್ಟಿದರೆ ಬೆರಳ ತುದಿ ಜುಮ್ಮೆನ್ನುತ್ತಿತ್ತು. ಪರಿಚಯದ ವೈರ್‌ಮನ್ ಒಬ್ಬರನ್ನು ಕರೆಸಿದೆವು. ಅವರು ಟೆಸ್ಟರ್ ಹಚ್ಚಿ ನೋಡಿ, 'ಅರ್ತ್ ವೀಕ್ ಇದೆ ಸಾರ್' ಎಂದು ಹೇಳಿ, ಗೀಸರಿನ ಸಾಕೆಟ್ ಬಿಚ್ಚಿ, ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದರು. ಜುಮ್ಮೆನ್ನುವುದು ನಿಂತಿತು, ಇನ್ನೂರು ರೂಪಾಯಿ ಕೊಟ್ಟು ನಾವೂ ಆ ವಿಷಯ ಮರೆತೆವು. ಏಳೆಂಟು ತಿಂಗಳ ಮೇಲೆ ಎಸಿ ಹಾಕಿಸುವ ಸಲುವಾಗಿ ಹೆಚ್ಚುವರಿ ಲೋಡ್‌ಗೆ ಅರ್ಜಿ ಹಾಕಬೇಕಾಗಿ ಬಂದಾಗ, ಪರವಾನಗಿ ಪಡೆದ ಗುತ್ತಿಗೆದಾರರೊಬ್ಬರು ಮನೆಯ ವೈರಿಂಗ್ ನೋಡಲು ಬಂದರು. ಅವರು ಅದೇ ಸಾಕೆಟ್ ಬಿಚ್ಚಿ ನನ್ನನ್ನು ಹತ್ತಿರ ಕರೆದು ತೋರಿಸಿದರು. ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಅರ್ತ್ ಪಿನ್ನಿನಿಂದ, ಕರೆಂಟು ಹಿಂದಿರುಗುವ ದಾರಿಯಾದ ನ್ಯೂಟ್ರಲ್ ಪಿನ್ನಿಗೆ ಎರಡು ಅಂಗುಲದ ಕಪ್ಪು ತಂತಿಯ ತುಂಡೊಂದನ್ನು ಜೋಡಿಸಲಾಗಿತ್ತು. ನಿಜವಾದ ಹಸಿರು ಅರ್ತ್ ತಂತಿ ಟೇಪು ಸುತ್ತಿಸಿಕೊಂಡು ಪೆಟ್ಟಿಗೆಯ ಮೂಲೆಯಲ್ಲಿ ಸುಮ್ಮನೆ ಮಲಗಿತ್ತು.

ಹಾಗೆ ಮಾಡಿದರೆ ಏನಾಗುತ್ತದೆ ಎಂಬುದನ್ನೂ ಅವರೇ ವಿವರಿಸಿದರು. ಗೀಸರಿನ ಲೋಹದ ಮೈ ಈಗ ನ್ಯೂಟ್ರಲ್ಲಿಗೆ ಸೇರಿದೆ. ಒಳಗಿನ ಕಾಯಿಲ್ ಸೋರಿದರೂ ಆ ಕರೆಂಟು ನ್ಯೂಟ್ರಲ್ ಮೂಲಕವೇ ಹಿಂದಿರುಗುವುದರಿಂದ, ಹೋದ ಕರೆಂಟಿಗೂ ಬಂದ ಕರೆಂಟಿಗೂ ವ್ಯತ್ಯಾಸ ಕಂಡಾಗ ಮಾತ್ರ ಟ್ರಿಪ್ ಆಗುವ ಆರ್‌ಸಿಸಿಬಿ ಎಂಬ ರಕ್ಷಣಾ ಸ್ವಿಚ್ಚಿಗೆ ಅದು ಗೊತ್ತೇ ಆಗುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಎಲ್ಲೋ ಒಂದು ಕಡೆ ನ್ಯೂಟ್ರಲ್ ತಂತಿ ಸಡಿಲವಾಗಿ ಕಳಚಿಕೊಂಡ ಕ್ಷಣದಲ್ಲಿ ಗೀಸರಿನ ಇಡೀ ಮೈಯ ಮೇಲೆ 230 ವೋಲ್ಟ್ ಬಂದು ಕೂರುತ್ತದೆ. ಜುಮ್ಮೆನ್ನುವುದು ನಿಂತಿದ್ದಕ್ಕೆ ನಾವು ಸಂತೋಷಪಟ್ಟಿದ್ದೆವು. ನಿಂತದ್ದು ಎಚ್ಚರಿಕೆ ಮಾತ್ರ, ಅಪಾಯವಲ್ಲ.

ಈ ಘಟನೆಯನ್ನು ಮೊದಲಿಗೇ ಹೇಳಿದ ಕಾರಣವೆಂದರೆ, ಎಲೆಕ್ಟ್ರಿಷಿಯನ್ ಆಯ್ಕೆಯ ಮಾತು ಬಂದಾಗ ನಾವು ಸಾಮಾನ್ಯವಾಗಿ ಹೋಲಿಸುವುದು ಕೂಲಿಯನ್ನು ಮತ್ತು ಎಷ್ಟು ಬೇಗ ಬರುತ್ತಾರೆ ಎಂಬುದನ್ನು. ಹೋಲಿಸಬೇಕಾದ ಸಂಗತಿ ಬೇರೆಯೇ ಇದೆ: ಕೆಲಸ ಮಾಡುವವರು ಯಾರು, ಅದನ್ನು ನಿಂತು ನೋಡುವವರು ಯಾರು, ಸರಿಯಾಗಿದೆ ಎಂದು ಸಹಿ ಹಾಕುವವರು ಯಾರು, ಮತ್ತು ಈ ಮೂವರಿಗೂ ಒಬ್ಬರೊಡನೊಬ್ಬರಿಗೆ ನಿಜವಾದ ಸಂಬಂಧ ಇದೆಯೇ.

ಕಾನೂನು ಎಲ್ಲಿ ಗೆರೆ ಎಳೆದಿದೆ

ಎಲ್ಲ ಕೆಲಸಕ್ಕೂ ಪರವಾನಗಿದಾರರೇ ಬೇಕೆಂದು ಕಾನೂನು ಹೇಳುವುದಿಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 45ನೆಯ ನಿಯಮವಾಗಿದ್ದ ಮಾತೇ, ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಾವಳಿಗೆ ಬಂದು, ಈಗ 2023ರ ಹೊಸ ನಿಯಮಾವಳಿಯಲ್ಲೂ ಮುಂದುವರಿದಿದೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, 250 ವೋಲ್ಟ್ ಮೀರದ ಗೃಹೋಪಯೋಗಿ ಉಪಕರಣ ಇಂಥವುಗಳನ್ನು, ವೈರಿಂಗಿನ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗದ ಹಾಗೆ, ತೆಗೆದು ಹೊಸದನ್ನು ಹಾಕುವುದಕ್ಕೆ ವಿನಾಯಿತಿ ಇದೆ. ಅದರಾಚೆಗಿನ ಯಾವುದೇ ಹೊಸ ವೈರಿಂಗ್, ಸೇರ್ಪಡೆ, ಮಾರ್ಪಾಡು ಅಥವಾ ದುರಸ್ತಿಗೆ ಮೂರು ಅರ್ಹತೆಗಳು ಒಟ್ಟಿಗೆ ಇರಬೇಕು. ರಾಜ್ಯ ಸರ್ಕಾರದಿಂದ ಪರವಾನಗಿ ಪಡೆದ ಗುತ್ತಿಗೆದಾರರು ಕೆಲಸ ಹಿಡಿದಿರಬೇಕು, ಅರ್ಹತಾ ಪ್ರಮಾಣಪತ್ರವುಳ್ಳ ಮೇಲ್ವಿಚಾರಕರು ಖುದ್ದಾಗಿ ನಿಂತು ನೋಡಿಕೊಳ್ಳಬೇಕು, ಮತ್ತು ಪರ್ಮಿಟ್ ಇರುವ ವೈರ್‌ಮನ್ ಕೈಯಿಂದಲೇ ಕೆಲಸ ಆಗಬೇಕು.

ಇದರ ಪ್ರಕಾರ ನಡುಮನೆಯ ಹಳೆಯ ಫ್ಯಾನ್ ಇಳಿಸಿ ಅದೇ ಕೊಕ್ಕೆಗೆ ಹೊಸದನ್ನು ತೂಗುಹಾಕುವುದಕ್ಕೆ ಯಾರನ್ನಾದರೂ ಕರೆಯಬಹುದು. ಆದರೆ ಅಡುಗೆಮನೆಯಲ್ಲಿ ಇಂಡಕ್ಷನ್ ಒಲೆಗೆಂದು ಹೊಸ 16 ಆಂಪ್ ಪಾಯಿಂಟ್ ಎಳೆಸುವುದು ನಮ್ಮ ಕಣ್ಣಿಗೆ ಎಷ್ಟೇ ಸಣ್ಣ ಕೆಲಸವಾಗಿ ಕಂಡರೂ ಕಾನೂನಿನ ದೃಷ್ಟಿಯಲ್ಲಿ ಅದು ಸೇರ್ಪಡೆ.

ಕರ್ನಾಟಕದಲ್ಲಿ ಈ ಪರವಾನಗಿ ವ್ಯವಸ್ಥೆಯನ್ನು ಇಂಧನ ಇಲಾಖೆಗೆ ಸೇರಿದ ವಿದ್ಯುತ್ ಪರಿವೀಕ್ಷಣಾಲಯ ನೋಡಿಕೊಳ್ಳುತ್ತದೆ. ಗುತ್ತಿಗೆದಾರರ ಪರವಾನಗಿಗಳಲ್ಲಿ ದರ್ಜೆಗಳಿವೆ. ಯಾವ ದರ್ಜೆಯವರು ಎಷ್ಟು ವೋಲ್ಟೇಜಿನ, ಎಷ್ಟು ದೊಡ್ಡ ಕೆಲಸ ಹಿಡಿಯಬಹುದು ಎಂಬ ಮಿತಿ ಪರವಾನಗಿಗೇ ಅಂಟಿಕೊಂಡಿರುತ್ತದೆ. ಇಲ್ಲಿ ಎರಡು ಗೊಂದಲಗಳು ಬಹಳ ಸಾಮಾನ್ಯ. ಐಟಿಐ ಎಲೆಕ್ಟ್ರಿಷಿಯನ್ ಪ್ರಮಾಣಪತ್ರ ಓದಿಗೆ ಸಾಕ್ಷಿಯೇ ಹೊರತು ಗುತ್ತಿಗೆ ಹಿಡಿಯುವ ಪರವಾನಗಿಯಲ್ಲ. ಇನ್ನು ಕಂಬ ಹತ್ತುವ ಲೈನ್‌ಮನ್ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಮುಂತಾದ ಸರಬರಾಜು ಕಂಪನಿಯ ನೌಕರ. ಅವರ ಹೊಣೆ ಮೀಟರಿನವರೆಗೆ. ಮೀಟರಿನಿಂದ ಈಚೆಗಿನದೆಲ್ಲ ಗ್ರಾಹಕರದು. ಊರ ಕಡೆಗಳಲ್ಲಿ ಲೈನ್‌ಮನ್ ಅವರನ್ನೇ ಕರೆದು ಮನೆಯೊಳಗಿನ ಕೆಲಸವನ್ನೂ ಮಾಡಿಸಿಕೊಳ್ಳುವುದು ರೂಢಿಯಲ್ಲಿದೆ. ಅವರಿಗೆ ಕೆಲಸ ಗೊತ್ತಿರಬಹುದು, ಆದರೆ ಆ ಕೆಲಸಕ್ಕೆ ಅವರ ಕಂಪನಿಯ ಜವಾಬ್ದಾರಿ ಇರುವುದಿಲ್ಲ.

ನಾಲ್ಕು ಬಗೆಯವರು

ನಮ್ಮೂರುಗಳಲ್ಲಿ ವಿದ್ಯುತ್ ಕೆಲಸಕ್ಕೆ ಸಿಗುವವರನ್ನು ಸ್ಥೂಲವಾಗಿ ನಾಲ್ಕು ಗುಂಪಾಗಿ ನೋಡಬಹುದು.

ಮೊದಲನೆಯವರು ಬೀದಿಯ ಪರಿಚಯದ ವೈರ್‌ಮನ್. ಫೋನ್ ಮಾಡಿದರೆ ಸಂಜೆಯೊಳಗೆ ಬರುತ್ತಾರೆ, ಮನೆಯ ಯಾವ ಗೋಡೆಯಲ್ಲಿ ಯಾವ ಪೈಪು ಹೋಗಿದೆ ಎಂಬುದು ಅವರಿಗೆ ನೆನಪಿರುತ್ತದೆ, ಸಣ್ಣ ಕೆಲಸಕ್ಕೆ ಮುಖ ಸಿಂಡರಿಸುವುದಿಲ್ಲ. ಇವರಲ್ಲಿ ಪರ್ಮಿಟ್ ಇದ್ದು ಗುತ್ತಿಗೆದಾರರೊಬ್ಬರ ಕೈಕೆಳಗೆ ಪಳಗಿದವರೂ ಇದ್ದಾರೆ, ಕಟ್ಟಡದ ಗೋಡೆ ಕೊರೆಯುತ್ತ ಕೊರೆಯುತ್ತ ಕಲಿತವರೂ ಇದ್ದಾರೆ. ಹೊರನೋಟಕ್ಕೆ ಇಬ್ಬರೂ ಒಂದೇ. ವಿನಾಯಿತಿಯೊಳಗಿನ ಕೆಲಸಕ್ಕೆ ಇವರಷ್ಟು ಅನುಕೂಲ ಬೇರೆ ಇಲ್ಲ, ಮತ್ತು ಆ ಕೆಲಸಕ್ಕೆ ನಾನು ಇವತ್ತಿಗೂ ಅಂಥವರನ್ನೇ ಕರೆಯುತ್ತೇನೆ. ಆದರೆ ದೋಷ ಹುಡುಕುವ ಕೆಲಸದಲ್ಲಿ, ಎಂದರೆ ಯಾಕೆ ಟ್ರಿಪ್ ಆಗುತ್ತಿದೆ, ಯಾಕೆ ಶಾಕ್ ಹೊಡೆಯುತ್ತಿದೆ ಎಂಬ ಪ್ರಶ್ನೆ ಬಂದಾಗ, ಕೈಯಲ್ಲಿ ನಿಯಾನ್ ಟೆಸ್ಟರ್ ಮಾತ್ರ ಇರುವವರಿಗೆ ಲಕ್ಷಣವನ್ನು ಅಡಗಿಸುವುದಷ್ಟೇ ಸಾಧ್ಯ. ಪದೇ ಪದೇ ಬೀಳುವ 16 ಆಂಪ್ ಎಂಸಿಬಿ (ಕರೆಂಟು ಮಿತಿ ಮೀರಿದಾಗ ತಾನಾಗಿಯೇ ಬೀಳುವ ಸ್ವಿಚ್ಚು) ತೆಗೆದು 32 ಆಂಪಿನದನ್ನು ಹಾಕಿಕೊಡುವುದು ಇದರ ಅತ್ಯಂತ ಪರಿಚಿತ ರೂಪ. ಎಂಸಿಬಿ ಇರುವುದು ತಂತಿಯನ್ನು ಕಾಯಲು; ಎರಡೂವರೆ ಸ್ಕ್ವೇರ್ (ಚದರ ಮಿಲಿಮೀಟರ್) ತಂತಿಗೆ 32 ಆಂಪಿನ ಕಾವಲು ಹಾಕಿದರೆ, ಎಂಸಿಬಿ ಬೀಳುವ ಮೊದಲೇ ಗೋಡೆಯೊಳಗೆ ತಂತಿಯ ಹೊದಿಕೆ ಬೆಂದಿರುತ್ತದೆ.

ಎರಡನೆಯದು ಆ್ಯಪ್ ಮೂಲಕ ಬರುವ ಸೇವೆ. ದರ ಮೊದಲೇ ಗೊತ್ತಾಗುತ್ತದೆ, ರಸೀದಿ ಸಿಗುತ್ತದೆ, ದೂರಲು ಒಂದು ಜಾಗ ಇರುತ್ತದೆ. ಆದರೆ ಬಂದವರು ಮುಂದಿನ ಬಾರಿ ಬರುವವರಲ್ಲ. ನಿಮ್ಮ ಮನೆಯ ವೈರಿಂಗಿನ ಇತಿಹಾಸ ಅವರಿಗೆ ತಿಳಿದಿರುವುದಿಲ್ಲ, ತಿಳಿಯುವಷ್ಟು ಸಮಯವೂ ಅವರಿಗೆ ಇರುವುದಿಲ್ಲ. ಫ್ಯಾನು, ಸ್ವಿಚ್ಚು, ಗೀಸರ್ ಅಳವಡಿಕೆಗೆ ಸಾಕು.

ಮೂರನೆಯವರು ಬಿಲ್ಡರ್ ಅಥವಾ ಇಂಟೀರಿಯರ್ ಗುತ್ತಿಗೆಯೊಳಗೆ ಅಡಕವಾಗಿ ಬರುವವರು. ಮನೆ ಕಟ್ಟಿಸುವಾಗ ಚದರಡಿ ದರದಲ್ಲಿ 'ಎಲೆಕ್ಟ್ರಿಕಲ್ ಸೇರಿ' ಎಂದು ಒಪ್ಪಂದವಾಗಿರುತ್ತದೆ. ನನ್ನ ಅನಿಸಿಕೆಯಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲೇ. ಟೈಲ್ಸ್, ಪೇಂಟು, ಬಾಗಿಲಿನ ಮರ ಇವೆಲ್ಲ ಕಣ್ಣಿಗೆ ಕಾಣುವುದರಿಂದ ಮಾಲೀಕರು ಅವನ್ನು ಕೇಳಿ ಕೇಳಿ ಹಾಕಿಸುತ್ತಾರೆ. ಉಳಿತಾಯ ಮಾಡುವ ಜಾಗ ಗಾರೆಯೊಳಗೆ ಮುಚ್ಚಿಹೋಗುವ ತಂತಿಯೇ ಆಗುತ್ತದೆ. ದೀಪದ ಸಾಲಿಗೆ ಒಂದೂವರೆ, 16 ಆಂಪ್ ಸಾಕೆಟ್ಟಿಗೆ ಎರಡೂವರೆ, ಎಸಿ ಮತ್ತು ದೊಡ್ಡ ಗೀಸರಿಗೆ ನಾಲ್ಕು ಚದರ ಮಿಲಿಮೀಟರ್ ತಾಮ್ರ ಎಂಬ ರೂಢಿಯ ಅಳತೆಯನ್ನು ಒಪ್ಪಂದದಲ್ಲೇ ಬರೆಸಬೇಕು. ಬಿಲ್ಡರ್ ಹೆಸರಲ್ಲ, ವೈರಿಂಗ್ ಮಾಡುವ ಗುತ್ತಿಗೆದಾರರ ಹೆಸರು ಮತ್ತು ಪರವಾನಗಿ ಸಂಖ್ಯೆ ಆ ಕಾಗದದಲ್ಲಿ ಇರಬೇಕು. ಗಾರೆ ಬಳಿಯುವ ಮುನ್ನ ಪ್ರತಿ ಗೋಡೆಯ ಪೈಪುಗಳ ಫೋಟೊ ತೆಗೆದಿಟ್ಟುಕೊಂಡರೆ, ಹತ್ತು ವರ್ಷದ ನಂತರ ಮೊಳೆ ಹೊಡೆಯುವಾಗಲೂ ಉಪಯೋಗಕ್ಕೆ ಬರುತ್ತದೆ. ನಮ್ಮ ಬಚ್ಚಲಿನ ಹಸಿರು ತಂತಿ ತುಂಡಾಗಿದ್ದುದಕ್ಕೂ ಕಾರಣ, ಹಿಂದೊಮ್ಮೆ ಕನ್ನಡಿ ಕೂರಿಸಲು ಡ್ರಿಲ್ ಹಾಕಿದ್ದೇ ಎಂದು ಆಮೇಲೆ ಗೊತ್ತಾಯಿತು.

ನಾಲ್ಕನೆಯವರು ನೇರವಾಗಿ ಕೆಲಸ ಹಿಡಿಯುವ ಪರವಾನಗಿದಾರ ಗುತ್ತಿಗೆದಾರರು. ಇವರ ದರ ಹೆಚ್ಚು, ಒಂದು ಸ್ವಿಚ್ಚಿಗಾಗಿ ಇವರು ಬರುವುದಿಲ್ಲ, ಬಂದರೂ ವಾರ ಕಾಯಿಸುತ್ತಾರೆ. ಆದರೆ ಹೊಸ ಮೀಟರಿಗೆ, ಲೋಡ್ ಹೆಚ್ಚಳಕ್ಕೆ, ಒಂದೇ ಫೇಸಿನಿಂದ ಮೂರು ಫೇಸಿಗೆ ಬದಲಾಯಿಸುವುದಕ್ಕೆ ಸರಬರಾಜು ಕಂಪನಿ ಕೇಳುವ ವೈರಿಂಗ್ ನಕ್ಷೆ ಮತ್ತು ಕಂಪ್ಲೀಷನ್ ರಿಪೋರ್ಟಿಗೆ ಇವರ ಸಹಿ ಬೇಕೇ ಬೇಕು. ಹಳೆಯ ಮನೆಯ ಪೂರ್ತಿ ಮರುವೈರಿಂಗ್, ಹೊಸ ಡಿಬಿ (ಎಂಸಿಬಿಗಳನ್ನು ಕೂರಿಸುವ ಹಂಚಿಕೆ ಪೆಟ್ಟಿಗೆ), ಅರ್ತ್ ಗುಂಡಿ, ಮೇನ್ ಬೋರ್ಡಿನ ಯಾವುದೇ ಕೆಲಸವನ್ನು ಇವರಲ್ಲದೆ ಬೇರೆಯವರಿಗೆ ಕೊಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸಹಿ ಒಬ್ಬರದು, ಕೈ ಇನ್ನೊಬ್ಬರದು

ಇಷ್ಟು ಓದಿದವರು, ಹಾಗಾದರೆ ಪರವಾನಗಿ ಇರುವವರನ್ನು ಹಿಡಿದರೆ ಮುಗಿಯಿತಲ್ಲ ಎನ್ನಬಹುದು. ಮುಗಿಯುವುದಿಲ್ಲ. ಪರವಾನಗಿಯಿಲ್ಲದವರು ಇಡೀ ಮನೆಯ ವೈರಿಂಗ್ ಮಾಡಿ ಮುಗಿಸಿ, ಕೊನೆಗೆ ಮೀಟರಿಗೆ ಅರ್ಜಿ ಹಾಕುವ ಹೊತ್ತಿಗೆ ಯಾರೋ ಪರವಾನಗಿದಾರರಿಂದ ಇಂತಿಷ್ಟು ಹಣಕ್ಕೆ ರಿಪೋರ್ಟಿಗೆ ಸಹಿ ಹಾಕಿಸಿಕೊಂಡು ಬರುವುದು ಗುಟ್ಟಿನ ಸಂಗತಿಯೇನಲ್ಲ. ಆ ಸಹಿ ಮಾಡಿದವರು ಆ ಮನೆಯ ಹೊಸ್ತಿಲು ತುಳಿದಿರುವುದಿಲ್ಲ. ಕಾಗದದ ಮೇಲೆ ಪರೀಕ್ಷೆಯ ಅಂಕಿಗಳಿರುತ್ತವೆ, ಆದರೆ ಪರೀಕ್ಷೆ ನಡೆದಿರುವುದಿಲ್ಲ. ನನಗಂತೂ ಇದು ಪರವಾನಗಿ ಇಲ್ಲದ ಕೆಲಸಕ್ಕಿಂತಲೂ ಕೆಟ್ಟದ್ದಾಗಿ ಕಾಣುತ್ತದೆ, ಏಕೆಂದರೆ ಪರವಾನಗಿ ಇಲ್ಲದ ಕಡೆ ಕನಿಷ್ಠ ಅನುಮಾನವಾದರೂ ಉಳಿದಿರುತ್ತದೆ.

ಇದನ್ನು ತಪ್ಪಿಸಲು ಪರವಾನಗಿಯ ಜೆರಾಕ್ಸ್ ನೋಡಿದರೆ ಸಾಲದು. ಮೂಲ ಪತ್ರ ಕೇಳಿ ದರ್ಜೆ ಯಾವುದು, ಅವಧಿ ಯಾವ ದಿನಾಂಕದವರೆಗೆ ಇದೆ, ನವೀಕರಣ ಆಗಿದೆಯೇ ಎಂದು ನೋಡಬೇಕು. ಬಳಿಕ, ಮೇಲ್ವಿಚಾರಣೆಗೆ ಯಾರು ಬರುತ್ತಾರೆ, ಯಾವ ಯಾವ ಹಂತದಲ್ಲಿ ಬರುತ್ತಾರೆ ಎಂದು ಕೇಳಬೇಕು. ಪೈಪು ಹಾಕಿದ ಮೇಲೆ ಒಮ್ಮೆ, ತಂತಿ ಎಳೆದ ಮೇಲೆ ಒಮ್ಮೆ, ಡಿಬಿ ಜೋಡಿಸಿದ ಮೇಲೆ ಒಮ್ಮೆ ಎಂದು ನಿಜವಾಗಿ ಕೆಲಸ ಮಾಡಿಸುವವರು ತಡವರಿಸದೆ ಹೇಳುತ್ತಾರೆ. 'ನಮ್ಮ ಹುಡುಗರು ನೋಡಿಕೊಳ್ತಾರೆ ಬಿಡಿ' ಎಂಬ ಉತ್ತರ ಬಂದರೆ ಇನ್ನೊಬ್ಬರನ್ನು ಹುಡುಕುವುದು ಒಳ್ಳೆಯದು.

ಇನ್ನೊಂದು ಪ್ರಶ್ನೆಯೂ ಬಹಳ ಸಹಾಯಕ: ಕೊನೆಗೆ ಏನೇನು ಅಳೆದು ತೋರಿಸುತ್ತೀರಿ? ನಮ್ಮ ಮನೆಗೆ ಬಂದ ಗುತ್ತಿಗೆದಾರರು ಮೇನ್ ಇಳಿಸಿ, ಎಲ್ಲ ಪ್ಲಗ್ಗುಗಳನ್ನು ಕೀಳಿಸಿ, ಬಲ್ಬುಗಳನ್ನು ತೆಗೆಸಿ, ಸ್ವಿಚ್ಚುಗಳನ್ನು ಆನ್ ಮಾಡಿಸಿದ ಮೇಲೆ ತಂತಿಯ ಹೊದಿಕೆ ಪರೀಕ್ಷಿಸುವ ಮೆಗ್ಗರ್ ಎಂಬ ಉಪಕರಣದ ಒಂದು ಕ್ಲಿಪ್ಪನ್ನು ತಂತಿಗೂ ಇನ್ನೊಂದನ್ನು ಅರ್ತ್‌ಗೂ ಕಚ್ಚಿಸಿದರು. 500 ವೋಲ್ಟ್ ಹಾಯಿಸಿ ನೋಡಿದಾಗ ಹೊದಿಕೆಯ ಪ್ರತಿರೋಧ ಒಂದು ಮೆಗಾಓಮ್‌ಗಿಂತ ಕೆಳಗೆ ಇಳಿಯಬಾರದು. ಮೂರು ಸಾಲುಗಳು ಚೆನ್ನಾಗಿಯೇ ಇದ್ದವು; ಬಚ್ಚಲಿನ ಸಾಲಿನಲ್ಲಿ ಮುಳ್ಳು ಏಳಲೇ ಇಲ್ಲ. ಡ್ರಿಲ್ ಹೋದ ಜಾಗ ಸಿಕ್ಕಿದ್ದು ಹೀಗೆ. ಟೆಸ್ಟರಿನ ಕೆಂಪು ದೀಪ ಇದನ್ನು ಎಂದೂ ಹೇಳುತ್ತಿರಲಿಲ್ಲ. ಅಂದಹಾಗೆ, ಆರ್‌ಸಿಸಿಬಿಯ ಮೇಲಿರುವ ಟೆಸ್ಟ್ ಗುಂಡಿ ಒತ್ತಿದಾಗ ಅದು ಬಿದ್ದರೆ ಅರ್ತ್ ಸರಿಯಿದೆ ಎಂದು ಹಲವರು ತಿಳಿದಿದ್ದಾರೆ. ಆ ಗುಂಡಿ ಪರೀಕ್ಷಿಸುವುದು ಆರ್‌ಸಿಸಿಬಿಯನ್ನು ಮಾತ್ರ. ಮನೆಗೆ ಅರ್ತ್ ಇಲ್ಲವೇ ಇಲ್ಲದಿದ್ದರೂ ಅದು ಬೀಳುತ್ತದೆ. ಅರ್ತ್ ಅಳೆಯಲು ಬೇರೆಯದೇ ಉಪಕರಣ ಬೇಕು, ಮತ್ತು ಅದನ್ನು ಸಾಧ್ಯವಾದರೆ ಬೇಸಿಗೆಯಲ್ಲಿ, ನೆಲ ಒಣಗಿದಾಗ ಅಳೆಸಬೇಕು. ಕರಾವಳಿಯ ಮುರಕಲ್ಲಿನ ನೆಲದಲ್ಲಿ ಆಷಾಢದಲ್ಲಿ ಬರುವ ಅಂಕಿಗೂ ಏಪ್ರಿಲ್‌ನಲ್ಲಿ ಬರುವ ಅಂಕಿಗೂ ಬಹಳ ಅಂತರವಿರುತ್ತದೆ.

ದರಪಟ್ಟಿಗಳನ್ನು ಎದುರುಬದುರು ಇಡುವಾಗ

ಎರಡು ಮೂರು ಕಡೆಯಿಂದ ಕೊಟೇಶನ್ ತರಿಸಿದರೆ ಅವು ಒಂದೇ ಭಾಷೆಯಲ್ಲಿ ಇರುವುದಿಲ್ಲ. ಒಬ್ಬರು ಪಾಯಿಂಟ್ ಲೆಕ್ಕ, ಇನ್ನೊಬ್ಬರು ಚದರಡಿ ಲೆಕ್ಕ, ಮತ್ತೊಬ್ಬರು ಸಾಮಾನು ಸೇರಿಸಿ ಒಟ್ಟು ಮೊತ್ತ. ಪಾಯಿಂಟ್ ಎಂದರೆ ಏನು ಎಂಬುದರಲ್ಲೇ ಜಗಳ ಹುಟ್ಟುತ್ತದೆ: ಸ್ವಿಚ್ ಬೋರ್ಡಿನಿಂದ ದೀಪದವರೆಗಿನದು ಒಂದು ಪಾಯಿಂಟ್ ಎನ್ನುವುದನ್ನು ಎಲ್ಲರೂ ಒಪ್ಪುತ್ತಾರೆ, ಆದರೆ ಡಿಬಿಯಿಂದ ಬೋರ್ಡಿನವರೆಗೆ ಬರುವ ತಂತಿ ಅದರೊಳಗೆ ಸೇರಿದೆಯೇ, ಎರಡು ಕಡೆಯಿಂದ ಹಾಕುವ ಮೆಟ್ಟಿಲಿನ ದೀಪ ಒಂದೇ ಎರಡೇ, ಟಿವಿ ಮತ್ತು ಇಂಟರ್ನೆಟ್ ತಂತಿಗೆ ಬೇರೆ ದರವೇ ಎಂಬುದನ್ನು ಮೊದಲೇ ಕೇಳಿ ಬರೆಸಿಕೊಳ್ಳದಿದ್ದರೆ ಅಗ್ಗದ ಪಟ್ಟಿಯೇ ಕೊನೆಗೆ ದುಬಾರಿಯಾಗುತ್ತದೆ.

ಸಾಮಾನನ್ನು ನೀವೇ ತರುವುದಾದರೆ ಐಎಸ್‌ಐ ಗುರುತು, ತಂತಿಗಾದರೆ ಐಎಸ್ 694 ಎಂಬ ಸಂಖ್ಯೆ ಮತ್ತು ಸುರುಳಿಯ ಉದ್ದ ನೋಡಬೇಕು. ಮನೆಬಳಕೆಯ ಸುರುಳಿ ಸಾಮಾನ್ಯವಾಗಿ 90 ಮೀಟರ್ ಇರುತ್ತದೆ. ಗುತ್ತಿಗೆದಾರರೇ ತರುವುದಾದರೆ ಅಂಗಡಿಯ ಬಿಲ್ ಕೇಳಬೇಕು. ಅವರಿಗೆ ಅಂಗಡಿಯಿಂದ ಒಂದಿಷ್ಟು ಕಮಿಷನ್ ಬರುವುದು ಸಹಜ, ಅದಕ್ಕೆ ತಕರಾರು ತೆಗೆಯುವ ಅಗತ್ಯ ನನಗೆ ಕಾಣುವುದಿಲ್ಲ. ನೋಡಬೇಕಾದದ್ದು ಅಗ್ಗದ ಪಟ್ಟಿಯಲ್ಲಿ ಏನು ಬಿಟ್ಟುಹೋಗಿದೆ ಎಂಬುದನ್ನು. ನಾನು ನೋಡಿದ ಕಡಿಮೆ ದರದ ಪಟ್ಟಿಗಳಲ್ಲಿ ಬಿಟ್ಟುಹೋಗಿರುತ್ತಿದ್ದುದು ಹೆಚ್ಚಾಗಿ 30 ಮಿಲಿಆಂಪಿನ ಆರ್‌ಸಿಸಿಬಿ ಮತ್ತು ಅರ್ತ್ ಗುಂಡಿ. ಅಂದರೆ ಎಂಸಿಬಿಗೆ ಗೊತ್ತಾಗದ ಸಣ್ಣ ಸೋರಿಕೆಯಿಂದ ಮನುಷ್ಯರನ್ನು ಕಾಯುವ ಎರಡು ವಸ್ತುಗಳು.

ಅಂಗಡಿ, ಹೋಟೆಲು, ಕಾರ್ಖಾನೆ

ವ್ಯಾಪಾರದ ಜಾಗಕ್ಕೆ ಬಂದರೆ ಮೊದಲ ಎರಡು ಬಗೆಯವರು ಹೋಲಿಕೆಯಿಂದಲೇ ಹೊರಗುಳಿಯುತ್ತಾರೆ. ಅಲ್ಲಿ ಮೂರು ಫೇಸ್ ಇರುತ್ತದೆ, ದಿನವಿಡೀ ಲೋಡ್ ಇರುತ್ತದೆ, ಗ್ರಾಹಕರೂ ಕೆಲಸಗಾರರೂ ಓಡಾಡುತ್ತಿರುತ್ತಾರೆ. ಒಂದು ಸಣ್ಣ ದರ್ಶಿನಿಯನ್ನೇ ತೆಗೆದುಕೊಳ್ಳಿ: ವೆಟ್ ಗ್ರೈಂಡರ್, ಡೀಪ್ ಫ್ರೀಜರ್, ಎಕ್ಸಾಸ್ಟ್, ಬಿಸಿನೀರಿನ ಬಾಯ್ಲರ್, ಜೊತೆಗೆ ಸದಾ ಒದ್ದೆಯಾದ ನೆಲ. ಬಂದ ಉಪಕರಣವನ್ನೆಲ್ಲ ಕೈಗೆ ಹತ್ತಿರವಿದ್ದ ಫೇಸಿಗೆ ಸಿಕ್ಕಿಸುತ್ತ ಹೋದರೆ ಒಂದು ಫೇಸ್ ಕಾದು, ಇನ್ನೆರಡು ತಣ್ಣಗಿರುತ್ತವೆ. ಅಂಥ ಕಡೆ ಮೇನ್ ಬೋರ್ಡಿನಲ್ಲಿ ನ್ಯೂಟ್ರಲ್ ಕಳಚಿಕೊಂಡರೆ ಕಡಿಮೆ ಲೋಡ್ ಇರುವ ಫೇಸಿನ ಮೇಲೆ ವೋಲ್ಟೇಜು 400ರ ಸಮೀಪಕ್ಕೂ ಏರಬಹುದು. ಬಿಲ್ಲಿಂಗ್ ಯಂತ್ರ, ಫ್ರಿಜ್ಜು, ಟ್ಯೂಬ್‌ಲೈಟುಗಳು ಒಂದೇ ಸಲಕ್ಕೆ ಸುಟ್ಟುಹೋಗುತ್ತವೆ. ಲೋಡನ್ನು ಮೂರು ಫೇಸಿಗೆ ಹಂಚಿದ ಪಟ್ಟಿಯನ್ನು ಬರೆದುಕೊಡಿ ಎಂದು ಗುತ್ತಿಗೆದಾರರನ್ನು ಕೇಳುವುದು ಅತಿಯಾದ ಬೇಡಿಕೆಯಲ್ಲ.

ಜನರೇಟರ್ ಇದ್ದಲ್ಲಿ, ಲೈನ್ ಇಲ್ಲವೇ ಜನರೇಟರ್ ಎರಡರಲ್ಲಿ ಒಂದನ್ನು ಮಾತ್ರ ಜೋಡಿಸುವ ಚೇಂಜ್‌ಓವರ್ ಸ್ವಿಚ್ಚಿನ ವಿಷಯದಲ್ಲಿ ರಾಜಿ ಮಾಡಿಕೊಳ್ಳಲೇಬಾರದು. ಅದಿಲ್ಲದೆ ಜೋಡಿಸಿದ ಜನರೇಟರಿನ ಕರೆಂಟು ಮೀಟರ್ ದಾಟಿ ಲೈನಿಗೆ ಹೋಗಬಹುದು. ಸಪ್ಲೈ ನಿಂತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಅದಕ್ಕೆ ಬಲಿಯಾಗುತ್ತಾರೆ.

ಮನೆಯ ಮುಂದಿನ ಕೋಣೆಯಲ್ಲಿ ಅಂಗಡಿ ತೆರೆಯುವವರು ಇನ್ನೊಂದು ವಿಷಯ ಗಮನಿಸಬೇಕು. ಮನೆಯ ಸಂಪರ್ಕದಿಂದಲೇ ವ್ಯಾಪಾರಕ್ಕೆ ಕರೆಂಟು ತೆಗೆದುಕೊಳ್ಳುವುದು 2003ರ ವಿದ್ಯುತ್ ಕಾಯ್ದೆಯ 126ನೆಯ ಕಲಮಿನ ಪ್ರಕಾರ ಅನಧಿಕೃತ ಬಳಕೆ, ಮತ್ತು ಅದಕ್ಕೆ ಅನ್ವಯಿಸುವ ದರದ ಎರಡರಷ್ಟನ್ನು ವಸೂಲು ಮಾಡಬಹುದು. 'ಒಂದು ಲೈನ್ ಎಳೆದುಕೊಡ್ತೀನಿ, ಯಾರಿಗೂ ಗೊತ್ತಾಗಲ್ಲ' ಎನ್ನುವವರು ಆ ಬಿಲ್ ಬಂದಾಗ ಜೊತೆಗೆ ನಿಲ್ಲುವುದಿಲ್ಲ. ಒಳ್ಳೆಯ ಗುತ್ತಿಗೆದಾರರು ಮೊದಲೇ ಬೇರೆ ಆರ್‌ಆರ್ ನಂಬರಿಗೆ ಅರ್ಜಿ ಹಾಕಿಸುತ್ತಾರೆ.

15 ಮೀಟರಿಗಿಂತ ಎತ್ತರದ ಕಟ್ಟಡಗಳಿಗೆ ಸುರಕ್ಷತಾ ನಿಯಮಾವಳಿಯಲ್ಲಿ ಪ್ರತ್ಯೇಕ ಷರತ್ತುಗಳೇ ಇವೆ. ಲಿಫ್ಟ್ ಕೂರಿಸುವುದಾದರೆ ಕರ್ನಾಟಕದ 2012ರ ಲಿಫ್ಟ್ ಕಾಯ್ದೆಯಡಿ ಬೇರೆ ಪರವಾನಗಿ ಬೇಕು. ಇಂಥ ಕೆಲಸಗಳಿಗೆ ಮೇಲಿನ ದರ್ಜೆಯ ಗುತ್ತಿಗೆದಾರರನ್ನೇ ಹಿಡಿಯಬೇಕು, ಮತ್ತು ವಿದ್ಯುತ್ ಪರಿವೀಕ್ಷಕರ ಅನುಮೋದನೆ ತಂದುಕೊಡುವ ಹೊಣೆ ಯಾರದು ಎಂಬುದು ಒಪ್ಪಂದದಲ್ಲಿ ಸ್ಪಷ್ಟವಾಗಿರಬೇಕು. ವಾರ್ಷಿಕ ನಿರ್ವಹಣೆಯ ಒಪ್ಪಂದಕ್ಕೂ ಅದೇ ಗುತ್ತಿಗೆದಾರರು ಸಿಕ್ಕರೆ ಅನುಕೂಲ. ಆದರೆ ಆ ಒಪ್ಪಂದದಲ್ಲಿ 'ಕರೆದಾಗ ಬರುವುದು' ಎಂದಷ್ಟೇ ಬರೆದಿದ್ದರೆ ಅದಕ್ಕೆ ಹಣ ಕೊಡುವುದು ದಂಡ. ವರ್ಷಕ್ಕೆ ಇಷ್ಟು ಬಾರಿ ಬಂದು ಡಿಬಿಯ ಸ್ಕ್ರೂಗಳನ್ನು ಬಿಗಿ ಮಾಡುವುದು, ಅರ್ತ್ ಅಳೆಯುವುದು, ಆರ್‌ಸಿಸಿಬಿ ಪರೀಕ್ಷಿಸುವುದು ಎಂದು ಕೆಲಸಗಳ ಹೆಸರು ಅದರಲ್ಲಿರಬೇಕು.

ಹಣ ಕೊಡುವ ಕ್ರಮದ ಬಗ್ಗೆ ಒಂದು ಮಾತು. ಮುಂಗಡ ಕೊಡದೆ ಯಾರೂ ಸಾಮಾನು ತರುವುದಿಲ್ಲ, ಅದು ನ್ಯಾಯವೇ. ಆದರೆ ಹತ್ತರಲ್ಲಿ ಒಂದು ಪಾಲನ್ನಾದರೂ ಪರೀಕ್ಷೆಯ ಅಂಕಿಗಳು, ವೈರಿಂಗ್ ನಕ್ಷೆ ಮತ್ತು ರಿಪೋರ್ಟಿನ ಪ್ರತಿ ಕೈಗೆ ಬರುವವರೆಗೆ ಉಳಿಸಿಕೊಳ್ಳಬೇಕು. ನಮ್ಮ ಗುತ್ತಿಗೆದಾರರು ಆ ಮಾತಿಗೆ ಬೇಸರಪಟ್ಟುಕೊಳ್ಳಲಿಲ್ಲ. ಕೊನೆಯ ದಿನ ಬಂದು ಡಿಬಿಯ ಬಾಗಿಲಿನ ಒಳಮೈಗೆ ಒಂದು ಕಾಗದ ಅಂಟಿಸಿದರು. ಯಾವ ಎಂಸಿಬಿ ಯಾವ ಕೋಣೆಯದು, ಎಷ್ಟು ಸ್ಕ್ವೇರ್ ತಂತಿ, ಎಷ್ಟು ಆಂಪ್ ಎಂದು ಕನ್ನಡದಲ್ಲೇ ಬರೆದಿದ್ದರು. ಬಚ್ಚಲಿನ ಸಾಲಿನ ಮುಂದೆ ಮೆಗ್ಗರಿನ ಅಂಕಿ, ದಿನಾಂಕ ಮತ್ತು ಅವರ ಸಹಿ ಇತ್ತು. ಉಳಿದ ಹಣ ಎಣಿಸಿಕೊಟ್ಟಾಗ, ಸಾಕೆಟ್ಟಿನಿಂದ ಬಿಚ್ಚಿದ ಆ ಕಪ್ಪು ತಂತಿಯ ತುಂಡನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು ಹೋದರು.